ಐಸಿಯುನಲ್ಲಿ ಸೋಂಕು ಪತ್ತೆಗೆ ರಕ್ತ ಪರೀಕ್ಷೆ: ಉತ್ತರ ಕನ್ನಡದ ಸಣ್ಣ ಐಸಿಯುಗಳಿಗೆ ಒಂದು ಸಮಗ್ರ ಮಾರ್ಗದರ್ಶಿ

ಅದು ಜುಲೈ ತಿಂಗಳ ಒಂದು ರಾತ್ರಿ. ಕರಾವಳಿಯ ಸಣ್ಣ ಐಸಿಯು. ಅಕ್ಕಪಕ್ಕದ ಹಾಸಿಗೆಗಳಲ್ಲಿ ಇಬ್ಬರಿದ್ದರು. ಒಬ್ಬರು ಘಟ್ಟದ ಮೇಲಿನವರು. ಅಡಿಕೆ ಕೊನೆಗೆ ಮಳೆ ತಾಗದಂತೆ ಕೊಟ್ಟೆ ಕಟ್ಟಲು ಮರ ಹತ್ತಿ, ಜಾರಿ ಬಿದ್ದು, ಸೊಂಟದ ಮೂಳೆ ಮುರಿದು ಆಪರೇಷನ್ ಆಗಿತ್ತು. ಇನ್ನೊಬ್ಬರು ನಾಡದೋಣಿಯ ಮೀನುಗಾರರು. ಅವರ ಲಿವರ್ ಮೊದಲೇ ಕೆಟ್ಟಿತ್ತು. ಬಲೆ ಬಿಡಿಸುವಾಗ ಕಾಲಿಗೆ ಮೀನಿನ ಮುಳ್ಳು ಚುಚ್ಚಿತ್ತು. ಅದೇ ಗಾಯದಲ್ಲಿ ಮತ್ತೆ ಉಪ್ಪುನೀರಿಗೆ ಇಳಿದಿದ್ದರು.

ಪಿಸಿಟಿ, ಸಿಆರ್‌ಪಿ ಎರಡೂ ಸೋಂಕಿನ ಸುಳಿವು ಕೊಡುವ ರಕ್ತ ಪರೀಕ್ಷೆಗಳು. ಮರದಿಂದ ಬಿದ್ದವರ ಪಿಸಿಟಿ 6.8 ಬಂತು. ಮೀನುಗಾರರ ಪಿಸಿಟಿ 0.4, ಸಿಆರ್‌ಪಿ 18. ಬರೀ ಕಾಗದ ನೋಡಿದರೆ ಸೋಂಕು ಮೊದಲನೆಯವರಿಗೆ, ಎರಡನೆಯವರು ಕ್ಷೇಮ. ನಿಜ ಅದಕ್ಕೆ ಪೂರ್ತಿ ಉಲ್ಟಾ ಇತ್ತು. ಮೊದಲನೆಯವರಿಗೆ ಸೋಂಕೇ ಇರಲಿಲ್ಲ. ಮೀನುಗಾರರ ಕಾಲು ಮೊಣಕಾಲಿನವರೆಗೆ ಊದಿ, ನೀಲಿ ಗುಳ್ಳೆ ಎದ್ದು, ಬಿಪಿ ಇಳಿಯುತ್ತಿತ್ತು. ನಾನು ಆಗ ಹೊಸಬ. ವರದಿ ಬರಲಿ ಅಂತ ಒಂದೂವರೆ ಗಂಟೆ ಕಾದೆ. ಬೆಳಿಗ್ಗೆ ಮತ್ತೆ ನೋಡಿದಾಗ ಅವರ ಪಿಸಿಟಿ 40 ದಾಟಿತ್ತು. ಜೀವ ಉಳಿಯಿತು, ಕಾಲು ಉಳಿಯಲಿಲ್ಲ. ಆ ಒಂದೂವರೆ ಗಂಟೆ ನನ್ನ ತಪ್ಪು. ಈ ಬರಹ ಹುಟ್ಟಿದ್ದು ಅಲ್ಲಿಂದ.

ಕಾರವಾರ, ಕುಮಟಾ, ಹೊನ್ನಾವರ, ಶಿರಸಿ ಕಡೆಯ ಐಸಿಯುಗಳಲ್ಲಿ ರಾತ್ರಿ ಪಾಳಿ ಮಾಡುವ ಕಿರಿಯ ಡಾಕ್ಟರು ಮತ್ತು ಸಿಸ್ಟರುಗಳನ್ನು ಮನಸ್ಸಿನಲ್ಲಿಟ್ಟು ಇದನ್ನು ಬರೆದಿದ್ದೇನೆ. ಐಸಿಯು ಬಾಗಿಲ ಹೊರಗೆ ಕಾಯುವ ಮನೆಯವರೂ ಓದಬಹುದು. ನಾನು ಮುಖ್ಯವಾಗಿ ಹೇಳಬೇಕಾದ್ದು ಇಷ್ಟು: ಆಂಟಿಬಯೋಟಿಕ್ ಶುರು ಮಾಡಲು ಈ ಅಂಕಿಗಳಿಗಾಗಿ ಕಾಯಬೇಡಿ. ಅವು ನಿಜವಾಗಿ ಕೆಲಸಕ್ಕೆ ಬರುವುದು ಔಷಧಿ ನಿಲ್ಲಿಸುವಾಗ.

ಮೊದಲು ಈ ಗುರುತುಗಳ ಸ್ವಭಾವ ತಿಳಿಯಿರಿ

ಬಯೋಮಾರ್ಕರ್ ಅಂದರೆ ದೇಹ ರಕ್ತದಲ್ಲಿ ಬಿಡುವ ಗುರುತು. ಅದು ಬ್ಯಾಕ್ಟೀರಿಯಾ ಅಲ್ಲ, ಬ್ಯಾಕ್ಟೀರಿಯಾಗೆ ದೇಹ ಕೊಡುವ ಪ್ರತಿಕ್ರಿಯೆ. ದೇಹ ಬೇರೆ ಕಾರಣಕ್ಕೂ ಹೀಗೇ ಪ್ರತಿಕ್ರಿಯಿಸಬಹುದು. ಎಲ್ಲ ಗೊಂದಲದ ಮೂಲ ಇದೇ.

ಸಿಆರ್‌ಪಿ, ಅಂದರೆ ಸಿ-ರಿಯಾಕ್ಟಿವ್ ಪ್ರೋಟೀನ್, ಹಳೆಯದು. 1930ರಲ್ಲಿ ನ್ಯೂಯಾರ್ಕಿನಲ್ಲಿ ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಇದನ್ನು ಮೊದಲು ಕಂಡರು. ಇದನ್ನು ತಯಾರಿಸುವುದು ಲಿವರ್. ಏಟಾದ 4ರಿಂದ 6 ಗಂಟೆಗೆ ಏರಲು ಶುರುವಾಗಿ, ತುದಿ ಮುಟ್ಟಲು ಒಂದೂವರೆಯಿಂದ ಎರಡು ದಿನ ಬೇಕು. ಉತ್ಪಾದನೆ ನಿಂತ ಮೇಲೆ ಸುಮಾರು 19 ಗಂಟೆಗೊಮ್ಮೆ ಅರ್ಧವಾಗುತ್ತದೆ. ಲಿವರ್ ಸೋತವರಲ್ಲಿ ಸೋಂಕು ಎಷ್ಟಿದ್ದರೂ ಸಿಆರ್‌ಪಿ ತಕ್ಕಷ್ಟು ಏರುವುದಿಲ್ಲ. ನಮ್ಮ ಮೀನುಗಾರರಲ್ಲಿ ಆಗಿದ್ದು ಅದೇ. ಟೊಸಿಲಿಜುಮ್ಯಾಬ್ ಎಂಬ ಔಷಧಿ ಕೊಟ್ಟವರಲ್ಲೂ ಸಿಆರ್‌ಪಿಯನ್ನು ನಂಬುವಂತಿಲ್ಲ. ಸಿಆರ್‌ಪಿ ಏರಲು ಬೇಕಾದ ಸಂದೇಶವನ್ನೇ ಆ ಔಷಧಿ ತಡೆಯುತ್ತದೆ.

ಪ್ರೊಕ್ಯಾಲ್ಸಿಟೋನಿನ್, ನಮ್ಮ ಬಾಯಲ್ಲಿ ಪಿಸಿಟಿ, ಸೋಂಕಿನ ಗುರುತಾಗಿ ಬೆಳಕಿಗೆ ಬಂದದ್ದು 1993ರಲ್ಲಿ, ಫ್ರಾನ್ಸಿನ ವೈದ್ಯರಿಂದ. ಆರೋಗ್ಯವಂತರಲ್ಲಿ ಥೈರಾಯ್ಡ್ ಗ್ರಂಥಿಯ ಕೆಲವು ಕೋಶಗಳು ಮಾತ್ರ ಇದನ್ನು ತಯಾರಿಸುತ್ತವೆ. ರಕ್ತದಲ್ಲಿ ಸಿಗುವುದು 0.05ಕ್ಕಿಂತ ಕಡಿಮೆ (ಪಿಸಿಟಿಯ ಅಂಕಿಗಳೆಲ್ಲ ನ್ಯಾನೊಗ್ರಾಂ/ಮಿಲಿಲೀಟರ್ ಲೆಕ್ಕ). ಬ್ಯಾಕ್ಟೀರಿಯಾ ಸೋಂಕು ಮೈಗೆ ಹರಡಿದಾಗ ಲಿವರ್, ಶ್ವಾಸಕೋಶ, ಕೊಬ್ಬು ಎಲ್ಲ ಕಡೆಯಿಂದಲೂ ಹೊರಬರುತ್ತದೆ. 4 ಗಂಟೆಯ ಹೊತ್ತಿಗೆ ಏರಲು ಶುರು, 12ರಿಂದ 24 ಗಂಟೆಗೆ ತುದಿ, ಮತ್ತೆ ಸುಮಾರು ದಿನಕ್ಕೆ ಅರ್ಧ ಅರ್ಧ ಇಳಿತ. ವೈರಸ್ ಸೋಂಕಿನಲ್ಲಿ ದೇಹವೇ ತಯಾರಿಸುವ ಇಂಟರ್‌ಫೆರಾನ್ ಎಂಬ ವಸ್ತು ಇದನ್ನು ತಗ್ಗಿಸಿಡುತ್ತದೆ. ಹಾಗಾಗಿ ಸಿಆರ್‌ಪಿಗಿಂತ ಇದು ಬ್ಯಾಕ್ಟೀರಿಯಾ ಕಡೆಗೆ ಹೆಚ್ಚು ಒಲಿದ ಗುರುತು.

ಬಿಳಿ ರಕ್ತಕಣ ನಿಮಗೆ ಗೊತ್ತಿದ್ದದ್ದೇ. ಸ್ಟೆರಾಯ್ಡ್ ಕೊಟ್ಟರೂ ಏರುತ್ತದೆ, ಅಷ್ಟು ನೆನಪಿರಲಿ. ಲ್ಯಾಕ್ಟೇಟ್ ಸೋಂಕಿನ ಗುರುತೇ ಅಲ್ಲ. ಅಂಗಾಂಗಗಳಿಗೆ ರಕ್ತ ಸರಿಯಾಗಿ ತಲುಪುತ್ತಿದೆಯೋ ಇಲ್ಲವೋ ಅಂತ ಅದು ಹೇಳುತ್ತದೆ. 2 ಮಿಲಿಮೋಲ್ ದಾಟಿದರೆ ಎಚ್ಚರ. ಪ್ರೆಸೆಪ್ಸಿನ್, ಐಎಲ್-6 ಎಂಬ ಬೇರೆ ಗುರುತುಗಳೆಲ್ಲ ದೊಡ್ಡ ಕೇಂದ್ರಗಳ ಮಾತು. ನಮ್ಮ ಕಡೆ ಅವುಗಳ ಹಿಂದೆ ಹೋಗಬೇಕಾಗಿಲ್ಲ.

ಹೆಜ್ಜೆ 1: ಪ್ರಶ್ನೆಯನ್ನು ಬರೆಯಿರಿ

ರಕ್ತ ತೆಗೆಯುವ ಮೊದಲು ಕೇಸ್ ಶೀಟಿನಲ್ಲಿ ಒಂದು ಸಾಲು ಬರೆಯಿರಿ. ಈ ಅಂಕಿ ಬಂದರೆ ನಾನು ಏನು ಬದಲಾಯಿಸುತ್ತೇನೆ? "ಐದನೇ ದಿನ, ಜ್ವರ ಇಲ್ಲ, ಔಷಧಿ ನಿಲ್ಲಿಸಬಹುದೇ?" ಇದು ಒಳ್ಳೆಯ ಪ್ರಶ್ನೆ. "ಸುಮ್ನೆ ನೋಡೋಣ" ಅನ್ನುವುದು ಪ್ರಶ್ನೆಯಲ್ಲ. ಪಿಸಿಟಿ ಅಗ್ಗದ ಪರೀಕ್ಷೆ ಅಲ್ಲ. ಎಷ್ಟೋ ಮನೆಯವರು ಆ ದುಡ್ಡು ಹೊಂದಿಸಲು ಸಾಲ ಮಾಡಿರುತ್ತಾರೆ. ಉತ್ತರ ಏನೇ ಬಂದರೂ ಚಿಕಿತ್ಸೆ ಬದಲಾಗದಿದ್ದರೆ ಕಳಿಸಬೇಡಿ.

ಹೆಜ್ಜೆ 2: ರೋಗಿಯನ್ನು ತಲೆಯಿಂದ ಪಾದದವರೆಗೆ ನೋಡಿ

ಹೊದಿಕೆ ತೆಗೆಯಿರಿ. ಕತ್ತಿನ ಲೈನ್ (ರಕ್ತನಾಳಕ್ಕೆ ಹಾಕಿದ ನಳಿಕೆ) ಸುತ್ತ ಕೆಂಪಾಗಿದೆಯೇ? ಕಫದ ಬಣ್ಣ, ಪ್ರಮಾಣ ಬದಲಾಗಿದೆಯೇ? ಹೊಟ್ಟೆ ಬಿಗಿದಿದೆಯೇ? ಬೆನ್ನು ತಿರುಗಿಸಿ ಹಾಸಿಗೆ ಹುಣ್ಣು ನೋಡಿ. ಕಂಕುಳು, ತೊಡೆಸಂದು, ಸೊಂಟದ ಪಟ್ಟಿ ಕೂರುವ ಜಾಗದಲ್ಲಿ ಕಪ್ಪು ಹಕ್ಕಳೆ ಇದೆಯೇ ಅಂತ ಹುಡುಕಿ. ಅದು ಸ್ಕ್ರಬ್ ಟೈಫಸ್ (ಸಣ್ಣ ನುಸಿ ಕಚ್ಚಿ ಬರುವ ಜ್ವರ) ಗುರುತು. ಒಂದು ಹಕ್ಕಳೆ ಸಿಕ್ಕಿದರೆ ಯಾವ ಪಿಸಿಟಿಯೂ ಹೇಳಲಾರದ ವಿಷಯ ಸಿಕ್ಕಿದ ಹಾಗೆ.

ಉಸಿರು ನಿಮಿಷಕ್ಕೆ 22 ದಾಟಿದೆಯೇ, ಮಾತು ತೊದಲುತ್ತಿದೆಯೇ, ಮೂತ್ರ ಕಡಿಮೆಯಾಗಿದೆಯೇ, ಬಿಪಿ ಹೇಗಿದೆ, ಇಷ್ಟನ್ನೂ ಬರೆದುಕೊಳ್ಳಿ. ಸೋಂಕಿನ ಅನುಮಾನ ಬಲವಾಗಿದ್ದು ಬಿಪಿ ಬಿದ್ದಿದ್ದರೆ ಒಂದು ಗಂಟೆಯೊಳಗೆ ಆಂಟಿಬಯೋಟಿಕ್ ಒಳಗೆ ಹೋಗಬೇಕು. ಬಿಪಿ ಸರಿಯಿದ್ದು ಅನುಮಾನ ಮಾತ್ರ ಇದ್ದರೆ ಬೇಗ ಬೇಗ ಪರಿಶೀಲಿಸಿ, ಅನುಮಾನ ಹೋಗದಿದ್ದರೆ ಮೂರು ಗಂಟೆಯೊಳಗೆ ಕೊಡಿ. 2021ರ ಅಂತರರಾಷ್ಟ್ರೀಯ ಸೆಪ್ಸಿಸ್ (ಸೋಂಕಿನಿಂದ ಅಂಗಾಂಗಗಳು ಸೋಲುವ ಸ್ಥಿತಿ) ಮಾರ್ಗಸೂಚಿ ಹೇಳುವುದೂ ಇದನ್ನೇ. ಔಷಧಿ ಶುರು ಮಾಡುವ ನಿರ್ಧಾರಕ್ಕೆ ಪಿಸಿಟಿ ಬಳಸಬೇಡಿ ಅಂತಲೂ ಅದು ಸಲಹೆ ಕೊಡುತ್ತದೆ.

ಹೆಜ್ಜೆ 3: ಮೊದಲು ಕಲ್ಚರ್, ಆಮೇಲೆ ಔಷಧಿ

ಕಲ್ಚರ್ ಅಂದರೆ ರಕ್ತದಲ್ಲಿರುವ ಕ್ರಿಮಿಯನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವುದು. ಈ ಹೆಜ್ಜೆ ತಪ್ಪಿದರೆ ಮುಂದಿನ ಏಳು ದಿನ ಕತ್ತಲಲ್ಲಿ ನಡೆದ ಹಾಗೆ. ಬಯೋಮಾರ್ಕರ್ "ಏನೋ ಇದೆ" ಅನ್ನಬಹುದು. ಯಾವ ಕ್ರಿಮಿ, ಯಾವ ಔಷಧಿಗೆ ಬಗ್ಗುತ್ತದೆ ಅಂತ ಹೇಳುವುದು ಕಲ್ಚರ್ ಮಾತ್ರ.

ಎರಡು ಬೇರೆ ಜಾಗದಿಂದ ಎರಡು ಸೆಟ್ ತೆಗೆಯಿರಿ. ದೊಡ್ಡವರಿಗೆ ಪ್ರತಿ ಬಾಟಲಿಗೆ 8ರಿಂದ 10 ಮಿಲಿಲೀಟರ್ ರಕ್ತ ಬೇಕು. ಎರಡು ಮಿಲಿ ಹಾಕಿ "ಏನೂ ಬೆಳೆಯಲಿಲ್ಲ" ಅಂದರೆ ಅದಕ್ಕೆ ಅರ್ಥವಿಲ್ಲ. ಚರ್ಮಕ್ಕೆ ಹಚ್ಚಿದ ಔಷಧಿ ಒಣಗುವವರೆಗೆ ಕಾಯಿರಿ. ಬಾಟಲಿಯ ರಬ್ಬರ್ ಮುಚ್ಚಳವನ್ನೂ ಸ್ಪಿರಿಟ್‌ನಿಂದ ಒರೆಸಿ. ಹಳೆಯ ಲೈನಿನಿಂದ ಮಾತ್ರ ತೆಗೆದು ಮುಗಿಸಬೇಡಿ. ರಕ್ತನಾಳ ಸಿಗದೆ ಒದ್ದಾಡುತ್ತಾ 45 ನಿಮಿಷ ದಾಟಿದರೆ ಔಷಧಿಯನ್ನೇ ಮೊದಲು ಕೊಡಿ.

ಇನ್ನೊಂದು ನಮ್ಮ ಜಿಲ್ಲೆಯದೇ ಸಮಸ್ಯೆ. ಕಲ್ಚರ್ ಬಾಟಲಿ ಎಷ್ಟೋ ಸಲ ಬಸ್ಸಿನಲ್ಲೋ ಆಂಬುಲೆನ್ಸಿನಲ್ಲೋ ಘಟ್ಟ ಹತ್ತಿ ಇಳಿದು ಬೇರೆ ಊರಿನ ಲ್ಯಾಬ್ ಸೇರುತ್ತದೆ. ಒಳ್ಳೆಯದೆಂದು ಅದನ್ನು ಐಸ್ ಡಬ್ಬಿಯಲ್ಲಿ ಇಡುವವರಿದ್ದಾರೆ. ಇಡಬೇಡಿ. ತಣ್ಣಗಾದರೆ ಕೆಲವು ಕ್ರಿಮಿಗಳು ಬದುಕುವುದಿಲ್ಲ. ಬಾಟಲಿ ಕೋಣೆಯ ಬಿಸಿಯಲ್ಲೇ ಹೋಗಲಿ, ಆದಷ್ಟು ಬೇಗ ಹೋಗಲಿ. ಪಿಸಿಟಿಯ ವಿಷಯ ಬೇರೆ. ಅದೇ ದಿನ ಲ್ಯಾಬ್ ಸೇರದಿದ್ದರೆ ಸೀರಂ ಬೇರ್ಪಡಿಸಿ ಫ್ರಿಜ್‌ನಲ್ಲಿಡಿ.

ಹೆಜ್ಜೆ 4: ಸಮಯ ಮತ್ತು ಅಳತೆ ಬರೆಯಿರಿ

ಅಂಕಿಯ ಪಕ್ಕದಲ್ಲಿ ರಕ್ತ ತೆಗೆದ ಗಂಟೆ ಇಲ್ಲದಿದ್ದರೆ ಅದು ಅರ್ಧ ಅಂಕಿ. ಚಳಿ ಜ್ವರ ಶುರುವಾಗಿ ಎರಡು ಗಂಟೆಗೆ ತೆಗೆದ ಪಿಸಿಟಿ ಕಡಿಮೆ ಇರುವುದು ಸಹಜ. ಆಗ 6ರಿಂದ 12 ಗಂಟೆ ಬಿಟ್ಟು ಮತ್ತೆ ನೋಡಬೇಕು.

ಅಳತೆ ವಿಷಯದಲ್ಲಿ ನಾನು ಕಂಡ ಒಂದು ಘಟನೆ ಹೇಳುತ್ತೇನೆ. ಬೇರೆ ಆಸ್ಪತ್ರೆಯಿಂದ ಬಂದ ಒಬ್ಬ ತಾಯಿಯ ಚೀಟಿಯಲ್ಲಿ "ಸಿಆರ್‌ಪಿ 12" ಅಂತಿತ್ತು. ಮರುದಿನ ನಮ್ಮಲ್ಲಿ 96 ಬಂತು. ಎಲ್ಲರೂ ಗಾಬರಿ. ಆಂಟಿಬಯೋಟಿಕ್ ಬದಲಾಯಿತು, ಸ್ಕ್ಯಾನ್‌ಗೆ ಹೋದರು. ಸಂಜೆ ಆ ಲ್ಯಾಬಿಗೆ ಫೋನ್ ಮಾಡಿದಾಗ ಗೊತ್ತಾಯಿತು, ಅವರ 12 ಇದ್ದದ್ದು ಡೆಸಿಲೀಟರ್ ಲೆಕ್ಕದಲ್ಲಿ. ಲೀಟರ್ ಲೆಕ್ಕಕ್ಕೆ ತಂದರೆ 120. ಅಂದರೆ ಆಕೆ ಸುಧಾರಿಸುತ್ತಿದ್ದರು! ಮಿಲಿಗ್ರಾಂ/ಡೆಸಿಲೀಟರ್ ಅನ್ನು ಹತ್ತರಿಂದ ಗುಣಿಸಿದರೆ ಮಿಲಿಗ್ರಾಂ/ಲೀಟರ್. ಇದನ್ನು ಗೋಡೆಗೆ ಅಂಟಿಸಿಡಿ. ಆದಷ್ಟೂ ಒಂದೇ ಲ್ಯಾಬ್, ಒಂದೇ ಯಂತ್ರದಲ್ಲಿ ಮುಂದುವರಿಸಿ.

ಕೆಲವು ಕಡೆ ಪಿಸಿಟಿಗೆ ಗೆರೆ ಮೂಡುವ ಕಾರ್ಡ್ ಬಳಸುತ್ತಾರೆ. 0.5ಕ್ಕಿಂತ ಕಡಿಮೆ, 2ರವರೆಗೆ, 10ರವರೆಗೆ, ಅದಕ್ಕಿಂತ ಜಾಸ್ತಿ, ಇಷ್ಟೇ ಅದು ಹೇಳುತ್ತದೆ. ಮೊದಲ ಅಂದಾಜಿಗೆ ಸಾಕು. ಇಳಿಕೆಯ ಲೆಕ್ಕ ಹಾಕಲು ಆಗುವುದಿಲ್ಲ.

ಹೆಜ್ಜೆ 5: ಮೊದಲ ಅಂಕಿಯನ್ನು ಓದುವುದು

ಪಿಸಿಟಿ 0.25ಕ್ಕಿಂತ ಕಡಿಮೆ ಇದ್ದು ರೋಗಿಯೂ ಸ್ಥಿರವಾಗಿದ್ದರೆ ಮೈಗೆ ಹರಡಿದ ಬ್ಯಾಕ್ಟೀರಿಯಾ ಸೋಂಕಿನ ಸಂಭವ ಕಡಿಮೆ. 0.5ರಿಂದ 2ರ ನಡುವೆ ಇದ್ದರೆ ಎರಡೂ ಕಡೆ ಯೋಚಿಸಬೇಕು. 2ರ ಮೇಲೆ ಅನುಮಾನ ಗಟ್ಟಿ. 10 ದಾಟಿದರೆ ಸಾಮಾನ್ಯವಾಗಿ ತೀವ್ರ ಸೆಪ್ಸಿಸ್. ಆದರೆ ಪ್ರತಿ ಸಾಲಿನ ಹಿಂದೆಯೂ ಒಂದು "ಆದರೆ" ಇದೆ.

ಸೋಂಕಿಲ್ಲದೆಯೂ ಪಿಸಿಟಿ ಏರುವುದು ಯಾರಲ್ಲಿ? ದೊಡ್ಡ ಪೆಟ್ಟು, ದೊಡ್ಡ ಆಪರೇಷನ್, ಸುಟ್ಟ ಗಾಯ, ಹೃದಯ ನಿಂತು ಮತ್ತೆ ಶುರುವಾದವರು, ಬಿಸಿಲಿನ ಹೊಡೆತ, ಹುಟ್ಟಿದ ಮೊದಲ ಎರಡು ದಿನದ ಕೂಸು. ಕಿಡ್ನಿ ಸೋತವರಲ್ಲಿ ಮೊದಲಿಂದಲೇ ಸ್ವಲ್ಪ ಹೆಚ್ಚಿರುತ್ತದೆ, ಇಳಿಯುವುದೂ ನಿಧಾನ. ಮರದಿಂದ ಬಿದ್ದವರ 6.8 ಅಂಥದ್ದೇ. ಮರುದಿನ ಅದು 3.1, ಅದರ ಮರುದಿನ 1.4. ತಾನಾಗಿಯೇ ಇಳಿಯಿತು.

ಸೋಂಕಿದ್ದೂ ಏರದಿರುವುದು ಯಾರಲ್ಲಿ? ಕೀವು ಒಂದೇ ಕಡೆ ಗೂಡು ಕಟ್ಟಿ ಕೂತವರಲ್ಲಿ, ಹೃದಯದ ಕವಾಟದಲ್ಲಿ ನಿಧಾನವಾಗಿ ಬೆಳೆಯುವ ಸೋಂಕಿನಲ್ಲಿ, ಮೈಕೋಪ್ಲಾಸ್ಮಾ ತರಹದ ನ್ಯುಮೋನಿಯಾದಲ್ಲಿ, ಮತ್ತು ತೀರಾ ಬೇಗ ರಕ್ತ ತೆಗೆದವರಲ್ಲಿ.

ವೆಂಟಿಲೇಟರಿನಲ್ಲಿರುವವರಿಗೆ ಹೊಸ ನ್ಯುಮೋನಿಯಾ ಬಂತೇ ಅಂತ ತೀರ್ಮಾನಿಸಲು ಸಿಆರ್‌ಪಿಯೂ ಸಾಲದು, ಪಿಸಿಟಿಯೂ ಸಾಲದು. ಕಫ, ಎಕ್ಸ್‌ರೇ, ಆಮ್ಲಜನಕದ ಅಗತ್ಯ, ಇವನ್ನೇ ನೋಡಬೇಕು.

ಹೊಟ್ಟೆಯ ಆಪರೇಷನ್ ಆದವರಲ್ಲಿ ಸಿಆರ್‌ಪಿ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಎರಡು ಮೂರನೇ ದಿನ ಎಲ್ಲರಲ್ಲೂ ಏರುತ್ತದೆ. ಆಮೇಲೆ ಇಳಿಯಬೇಕು. ನಾಲ್ಕನೇ ದಿನವೂ 150ರ ಮೇಲೇ ನಿಂತಿದ್ದರೆ ಹೊಲಿಗೆ ಸೋರುತ್ತಿದೆಯೇ ಅಂತ ಸರ್ಜನ್ ಅವರನ್ನು ಅಂದೇ ಕರೆಯಿರಿ.

ನಮ್ಮೂರಿನ ಜ್ವರಗಳು

ಬೇರೆ ದೇಶದ ದೊಡ್ಡ ಅಧ್ಯಯನಗಳಲ್ಲಿ ಈ ಭಾಗ ಅಷ್ಟಾಗಿ ಸಿಗುವುದಿಲ್ಲ. ನಮಗೆ ಇದೇ ಮುಖ್ಯ, ಅಲ್ವಾ?

ಮಳೆಗಾಲ ಮತ್ತು ಅದರ ಬೆನ್ನಿಗೆ ಇಲಿ ಜ್ವರ ಬರುತ್ತದೆ. ಗದ್ದೆ ಕೆಲಸ, ತೋಟದ ಕಾಲುವೆ, ಕಾಲಿನ ಬಿರುಕು, ಇವನ್ನು ಕೇಳಿ ತಿಳಿಯಿರಿ. ಅದು ಬ್ಯಾಕ್ಟೀರಿಯಾ, ಆದ್ದರಿಂದ ಸಿಆರ್‌ಪಿ, ಪಿಸಿಟಿ ಎರಡೂ ಏರುತ್ತವೆ. ಕಾಮಾಲೆ, ಕಿಡ್ನಿ ತೊಂದರೆ, ಪ್ಲೇಟ್‌ಲೆಟ್ ಕುಸಿತ ಜೊತೆಗಿರುತ್ತದೆ. ಡೆಂಗಿಯಲ್ಲಿ ಬಿಳಿ ಕಣವೂ ಪ್ಲೇಟ್‌ಲೆಟ್ಟೂ ಇಳಿಯುತ್ತವೆ, ಪಿಸಿಟಿ ಸಾಮಾನ್ಯವಾಗಿ ಕಡಿಮೆ. ಆದರೆ ಶಾಕ್‌ಗೆ ಹೋದ ಡೆಂಗಿಯಲ್ಲಿ ಅದೂ ಏರಬಹುದು. ಮಲೇರಿಯಾದಲ್ಲೂ ಪಿಸಿಟಿ ಜೋರಾಗಿ ಏರುವುದುಂಟು. ಸ್ಮಿಯರ್ (ಗಾಜಿನ ಮೇಲೆ ಹಚ್ಚಿದ ರಕ್ತದ ಲೇಪ) ನೋಡದೆ ಸೆಪ್ಸಿಸ್ ಅನ್ನಬೇಡಿ.

ಡಿಸೆಂಬರಿನಿಂದ ಮೇವರೆಗೆ ಸಿದ್ದಾಪುರ ಕಡೆಯಿಂದ, ಕಾಡಿಗೆ ಹೋಗಿ ಬಂದವರು ಜ್ವರದಿಂದ ಬಂದರೆ ಮಂಗನ ಕಾಯಿಲೆ ನೆನಪಾಗಬೇಕು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ವೈರಸ್ ಉಣ್ಣೆಯಿಂದ ಹರಡುತ್ತದೆ. ಅದಕ್ಕೆ ಬೇರೆಯೇ ಪರೀಕ್ಷೆ ಬೇಕು, ತಾಲೂಕು ಆರೋಗ್ಯಾಧಿಕಾರಿಗಳಿಗೆ ತಿಳಿಸಬೇಕು.

ಸ್ಕ್ರಬ್ ಟೈಫಸ್ ವಿಷಯ ಇನ್ನೂ ಸೂಕ್ಷ್ಮ. ಪಿಸಿಟಿ ಏರಿದೆ ಅಂತ ಮೆರೊಪೆನೆಮ್ ತರಹದ ದೊಡ್ಡ ಆಂಟಿಬಯೋಟಿಕ್ ಹಾಕುತ್ತಾ ಕೂತರೆ ರೋಗಿ ಕೈತಪ್ಪುತ್ತಾರೆ. ಅದಕ್ಕೆ ಬೇಕಾದದ್ದು ಡಾಕ್ಸಿಸೈಕ್ಲಿನ್ ಅಥವಾ ಅಜಿತ್ರೊಮೈಸಿನ್. ಅಂಕಿ "ಬ್ಯಾಕ್ಟೀರಿಯಾ" ಅಂದ ಮಾತ್ರಕ್ಕೆ ದೊಡ್ಡ ಔಷಧಿ ಕೆಲಸ ಮಾಡುತ್ತದೆ ಅಂತಲ್ಲ.

ಕೊನೆಯದಾಗಿ ಮೆಲಿಯಾಯ್ಡೋಸಿಸ್. ಮಣ್ಣು ಮತ್ತು ನೀರಿನಲ್ಲಿರುವ ಕ್ರಿಮಿ. ಕರ್ನಾಟಕದ ಕರಾವಳಿಯಲ್ಲಿ, ಅದರಲ್ಲೂ ಮಳೆಗಾಲದಲ್ಲಿ, ಸಕ್ಕರೆ ಕಾಯಿಲೆ ಇರುವವರಲ್ಲಿ ಕಾಣುತ್ತದೆ. ನ್ಯುಮೋನಿಯಾ, ಲಿವರ್ ಅಥವಾ ಗುಲ್ಮದಲ್ಲಿ ಕೀವು. ಸೆಫ್ಟ್ರಿಯಾಕ್ಸೋನ್‌ ನಂಬುವಂತಿಲ್ಲ. ಸೆಫ್ಟಾಜಿಡೈಮ್ ಅಥವಾ ಮೆರೊಪೆನೆಮ್ ಬೇಕು. ಕಲ್ಚರ್‌ನಲ್ಲಿ "ಸ್ಯುಡೊಮೊನಾಸ್ ತರಹದ್ದು" ಬೆಳೆದರೆ ಲ್ಯಾಬಿನವರ ಜೊತೆ ಮಾತಾಡಿ, ಹೊರಗಿನಿಂದ ಸೇರಿದ ಕೊಳೆ ಎಂದು ಬಿಸಾಡಲು ಬಿಡಬೇಡಿ.

ಹೆಜ್ಜೆ 6: ಮತ್ತೆ ಅಳೆಯಿರಿ, ಗೆರೆ ಎಳೆಯಿರಿ

ಒಂದು ಅಂಕಿ ಒಂದು ಚುಕ್ಕಿ. ಎರಡು ಮೂರು ಸೇರಿದರೆ ದಾರಿ ಕಾಣುತ್ತದೆ. ಪಿಸಿಟಿಯನ್ನು ದಿನಾ ಅಥವಾ ದಿನ ಬಿಟ್ಟು ದಿನ ನೋಡಬಹುದು. ದುಡ್ಡು ಕಷ್ಟ ಇದ್ದರೆ ಮೊದಲ ದಿನ, ಎರಡನೇ ದಿನ, ನಾಲ್ಕನೇ ದಿನ ನೋಡಿದರೂ ಅಂದಾಜು ಸಿಗುತ್ತದೆ. ತಾಪಮಾನದ ಚಾರ್ಟಿನಲ್ಲೇ ಕೆಂಪು ಪೆನ್ನಿನಿಂದ ಗುರುತಿಸಿ.

ಒಂದು ಉದಾಹರಣೆ. ಮೊದಲ ದಿನ 18. ಎರಡನೇ ದಿನ 22, ಇದೇ ತುದಿ. ಮೂರನೇ ದಿನ 11. ನಾಲ್ಕಕ್ಕೆ 6. ಐದಕ್ಕೆ 3.9. ತುದಿಯ 80 ಶೇಕಡಾ ಅಂದರೆ 17.6. ಅಷ್ಟು ಕಳೆದರೆ 4.4. ಐದನೇ ದಿನದ 3.9 ಆ ಗೆರೆಯ ಕೆಳಗೆ ಬಂದಿದೆ. ಲೆಕ್ಕ ಹಾಕುವುದು ತುದಿಯಿಂದ, ಮೊದಲ ದಿನದಿಂದಲ್ಲ. ಹೆಚ್ಚಿನವರು ತಪ್ಪುವುದು ಇಲ್ಲೇ.

ಎರಡು ಮೂರು ದಿನವಾದರೂ ಇಳಿಯದಿದ್ದರೆ? ಇನ್ನೂ ದೊಡ್ಡ ಆಂಟಿಬಯೋಟಿಕ್ ಬರೆಯಲು ಕೈ ಹೋಗುತ್ತದೆ. ತಡೆಯಿರಿ. ಡೆನ್ಮಾರ್ಕಿನಲ್ಲಿ ಪಿಸಿಟಿ ಏರಿದಾಗೆಲ್ಲ ಔಷಧಿ ಏರಿಸುವ ಕ್ರಮವನ್ನು ಪರೀಕ್ಷಿಸಿದರು, 2011ರಲ್ಲಿ ಫಲಿತಾಂಶ ಬಂತು. ಜೀವ ಹೆಚ್ಚು ಉಳಿಯಲಿಲ್ಲ. ವೆಂಟಿಲೇಟರ್ ಮೇಲಿನ ದಿನಗಳು, ಐಸಿಯು ದಿನಗಳು ಹೆಚ್ಚಾದವು. ಹಾಗಾಗಿ ಮೊದಲು ಹುಡುಕಬೇಕಾದ್ದು ಮೂಲವನ್ನು. ಎಲ್ಲಿಯಾದರೂ ಕೀವು ಉಳಿದಿದೆಯೇ? ಹಳೆಯ ಲೈನ್ ತೆಗೆಯಬೇಕೇ? ಕಲ್ಚರ್ ವರದಿ ಬೇರೆ ಕ್ರಿಮಿ ಹೇಳುತ್ತಿದೆಯೇ? ಡೋಸ್ ಸರಿಯಿದೆಯೇ? ಅಲ್ಟ್ರಾಸೌಂಡ್ ಪ್ರೋಬ್ ಹಿಡಿದು ಹೊಟ್ಟೆ, ಎದೆ ನೋಡಿ.

ಹೆಜ್ಜೆ 7: ನಿಲ್ಲಿಸುವ ಧೈರ್ಯ

ರೋಗಿ ಸುಧಾರಿಸಿದ್ದಾರೆ, ಜ್ವರ ಇಲ್ಲ, ಬಿಪಿಗೆ ಔಷಧಿ ಬೇಡವಾಗಿದೆ. ಪಿಸಿಟಿ ತುದಿಯಿಂದ 80 ಶೇಕಡಾ ಇಳಿದಿದೆ, ಅಥವಾ 0.5ಕ್ಕೆ ಬಂದಿದೆ. ಆಗ ಆಂಟಿಬಯೋಟಿಕ್ ನಿಲ್ಲಿಸುವ ಮಾತನ್ನು ರೌಂಡ್ಸ್‌ನಲ್ಲಿ ಎತ್ತಿ. 2016ರಲ್ಲಿ ನೆದರ್‌ಲ್ಯಾಂಡ್ಸ್‌ನ ಅಧ್ಯಯನ ಇದೇ ನಿಯಮ ಬಳಸಿತು. ಔಷಧಿಯ ದಿನಗಳು 7ರಿಂದ 5ಕ್ಕೆ ಇಳಿದವು, 28 ದಿನದ ಸಾವಿನ ಪ್ರಮಾಣವೂ 25 ಶೇಕಡಾದಿಂದ ಸುಮಾರು 20ಕ್ಕೆ ಇಳಿಯಿತು. 2024ರ ಕೊನೆಗೆ ಬ್ರಿಟನ್ನಿನಲ್ಲಿ 2,760 ರೋಗಿಗಳ ಅಧ್ಯಯನ ಬಂತು. ಅಲ್ಲಿಯೂ ಪಿಸಿಟಿಯಿಂದ ಸುಮಾರು ಒಂದು ದಿನ ಉಳಿಯಿತು, ರೋಗಿಗಳಿಗೆ ಹಾನಿಯಾಗಲಿಲ್ಲ. ಸಿಆರ್‌ಪಿ ನೋಡಿ ನಿಲ್ಲಿಸಲು ಹೋದವರಲ್ಲಿ ದಿನಗಳು ಕಡಿಮೆಯಾಗಲಿಲ್ಲ.

ಒಂದು ದಿನ ಅಷ್ಟೇನಾ ಅನ್ನಿಸಬಹುದು. ಐಸಿಯು ಬಿಲ್ ಕಟ್ಟುವವರಿಗೆ ಅದು ಸಣ್ಣದಲ್ಲ. ಪ್ರತಿ ಹೆಚ್ಚುವರಿ ದಿನವೂ ಔಷಧಿಗೆ ಬಗ್ಗದ ಕ್ರಿಮಿ ಬೆಳೆದು ಪಕ್ಕದ ಹಾಸಿಗೆಯವರಿಗೂ ಹರಡುವ ಅಪಾಯವನ್ನು ಹೆಚ್ಚಿಸುತ್ತದೆ.

ನಿಮ್ಮಲ್ಲಿ ಸಿಆರ್‌ಪಿ ಮಾತ್ರ ಇದ್ದರೆ ಕೈಚೆಲ್ಲಬೇಡಿ. ರೋಗಕ್ಕೆ ತಕ್ಕ ದಿನ ಮೊದಲೇ ನಿಗದಿ ಮಾಡಿ. ವೆಂಟಿಲೇಟರ್ ನ್ಯುಮೋನಿಯಾಗೆ ಹೆಚ್ಚಿನವರಲ್ಲಿ 7 ದಿನ ಸಾಕು. ರಕ್ತದಲ್ಲಿ ಕ್ರಿಮಿ ಬೆಳೆದವರಿಗೂ 7 ದಿನದ ಚಿಕಿತ್ಸೆಯ ಫಲ 14 ದಿನದ್ದಕ್ಕಿಂತ ಕಡಿಮೆಯೇನಲ್ಲ ಅಂತ 2024ರ ಬ್ಯಾಲೆನ್ಸ್ ಅಧ್ಯಯನ ತೋರಿಸಿತು. ಸ್ಟ್ಯಾಫಿಲೋಕಾಕಸ್ ಆರಿಯಸ್ ಎಂಬ ಕ್ರಿಮಿ ಅದರಲ್ಲಿ ಸೇರಿರಲಿಲ್ಲ. ಅದಕ್ಕೆ ಕನಿಷ್ಠ ಎರಡು ವಾರ ಬೇಕು.

ಹೃದಯದ ಕವಾಟದ ಸೋಂಕು, ಮೂಳೆಯ ಸೋಂಕು, ತೆಗೆಯದ ಕೀವು, ಕ್ಷಯ, ಮೆಲಿಯಾಯ್ಡೋಸಿಸ್, ರೋಗನಿರೋಧಕ ಶಕ್ತಿ ತೀರಾ ಕುಂದಿದವರು, ಇವರಲ್ಲಿ ಅಂಕಿ ಇಳಿಯಿತೆಂದು ಔಷಧಿ ನಿಲ್ಲಿಸಲೇಬೇಡಿ. ಮೆಲಿಯಾಯ್ಡೋಸಿಸ್‌ಗಂತೂ ಇಂಜೆಕ್ಷನ್ ಮುಗಿದ ಮೇಲೂ ತಿಂಗಳುಗಟ್ಟಲೆ ಮಾತ್ರೆ ಬೇಕು.

ಮನೆಯವರಿಗೆ ಹೇಳುವುದು

"ಇನ್ಫೆಕ್ಷನ್ ಎಷ್ಟು ಪರ್ಸೆಂಟ್ ಉಂಟು ಡಾಕ್ಟ್ರೇ?" ಈ ಪ್ರಶ್ನೆ ದಿನಾ ಬರುತ್ತದೆ. ಪಿಸಿಟಿ 22 ಅಂದರೆ 22 ಪರ್ಸೆಂಟ್ ಅಂತ ತಿಳಿದವರಿದ್ದಾರೆ. ನಾನು ಹೀಗೆ ಹೇಳುತ್ತೇನೆ: "ಇದು ಹೊಗೆ ಇದ್ದ ಹಾಗೆ ಅಮ್ಮಾ. ಬೆಂಕಿ ಎಲ್ಲಿದೆ ಅಂತ ನಾವು ಹುಡುಕುತ್ತಾ ಇದ್ದೇವೆ. ಹೊಗೆ ದಿನಾ ಕಡಿಮೆ ಆಗಬೇಕು." ನಿನ್ನೆಯ ಅಂಕಿ, ಇವತ್ತಿನ ಅಂಕಿ ಎರಡನ್ನೂ ಹೇಳಿ. ಜೊತೆಗೆ ಮೂತ್ರ ಬಂತು, ಕಣ್ಣು ಬಿಟ್ಟರು ಅನ್ನುವುದನ್ನೂ ಹೇಳಿ. ಅವರಿಗೆ ಬೇಕಿರುವುದು ಅದು.

ಹೆಜ್ಜೆ 8: ಬೇರೆ ಊರಿಗೆ ಕಳಿಸುವಾಗ

ನಮ್ಮ ಜಿಲ್ಲೆಯಿಂದ ರೋಗಿಗಳು ಮಣಿಪಾಲ, ಹುಬ್ಬಳ್ಳಿ, ಗೋವಾಕ್ಕೆ ಹೋಗುತ್ತಲೇ ಇರುತ್ತಾರೆ. ಚೀಟಿಯಲ್ಲಿ ಬರೀ "ಸೆಪ್ಸಿಸ್, ಪಿಸಿಟಿ ಹೈ" ಅಂತ ಬರೆದು ಕಳಿಸಬೇಡಿ. ಪ್ರತಿ ಅಂಕಿ, ಅದರ ಅಳತೆ, ರಕ್ತ ತೆಗೆದ ಗಂಟೆ, ಕೊಟ್ಟ ಆಂಟಿಬಯೋಟಿಕ್, ಕೊನೆಯ ಡೋಸಿನ ಸಮಯ ಬರೆಯಿರಿ. ಕಲ್ಚರ್ ಔಷಧಿಗೆ ಮೊದಲು ತೆಗೆದದ್ದೋ ಆಮೇಲೆಯೋ, ಯಾವ ಲ್ಯಾಬಿಗೆ ಹೋಗಿದೆ, ಅಲ್ಲಿಯ ಫೋನ್ ನಂಬರ್ ಏನು, ಇದೂ ಇರಲಿ.

ಆ ಕಲ್ಚರ್ ವರದಿ ಬರುವುದು ಎರಡು ಮೂರು ದಿನದ ಮೇಲೆ. ಆಗ ರೋಗಿ ನಿಮ್ಮಲ್ಲಿರುವುದಿಲ್ಲ, ವರದಿ ನಿಮ್ಮ ಮೇಜಿನ ಮೇಲಿರುತ್ತದೆ. ಅದನ್ನು ನೋಡಿದ ಕೂಡಲೇ ಆ ಆಸ್ಪತ್ರೆಯ ಐಸಿಯುಗೆ ಫೋನ್ ಮಾಡುವವರು ಯಾರು ಅಂತ ಆಂಬುಲೆನ್ಸ್ ಹೊರಡುವ ಮೊದಲೇ ತೀರ್ಮಾನಿಸಿ, ಅವರ ಹೆಸರನ್ನು ರಿಜಿಸ್ಟರಿನಲ್ಲಿ ಬರೆದಿಡಿ.